ಹಿತ್ತಲ ಕೋಣೆಯಿಂದ ಬಾರದ ಕರೆ

ನಮ್ಮ ಅಡುಗೆಮನೆಯ ಹಿಂದಿನ ಕಿಟಕಿಯಿಂದ ದೊಡ್ಡಮ್ಮನ ಕೋಣೆಯ ಹೊಸ್ತಿಲಿಗೆ ಅರವತ್ತೆರಡು ಹೆಜ್ಜೆ. ಅದು ನನ್ನ ಹೆಜ್ಜೆಯ ಲೆಕ್ಕ. ನನ್ನ ಹೆಂಡತಿಯ ಹೆಜ್ಜೆಯಲ್ಲಿ ಎಪ್ಪತ್ತೈದರ ಹತ್ತಿರ ಆಗುತ್ತಿತ್ತು. ಆ ವರ್ಷ ಅದನ್ನು ಎಷ್ಟು ಸಲ ಎಣಿಸಿದೆನೋ ಹೇಳಲಾರೆ. ಎಣಿಸಿದರೆ ದೂರ ಕಡಿಮೆಯಾಗುವುದಿಲ್ಲ ಎಂದು ಗೊತ್ತಿದ್ದೂ ಎಣಿಸುತ್ತಿದ್ದೆ.

ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಬೊಂಬಾಯಿಯ ಸಾಂತಾಕ್ರೂಜ್‌ನಲ್ಲಿ ಒಂದು ಹಳೆಯ ಬಂಗಲೆಯ ನೆಲ ಅಂತಸ್ತಿನ ಎರಡು ಕೋಣೆ, ಒಂದು ಅಡುಗೆಮನೆಯಲ್ಲಿ ನಾವು ಬಾಡಿಗೆಗಿದ್ದೆವು: ನಾನು, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಹಿಂದೆ ಒಂದು ಬಾವಿ, ಎರಡು ತೆಂಗಿನ ಮರ. ಮಾಲೀಕರು ಮುರಿದ ಮಂಚ, ಕಪಾಟುಗಳನ್ನು ಒಟ್ಟಿ ಮೇಲೆ ತಗಡು ಹೊದಿಸಿದ್ದ ಒಂದು ರಾಶಿ. ಅದರಾಚೆ, ಕಾಂಪೌಂಡಿನ ಗೋಡೆಗೆ ಅಂಟಿಕೊಂಡು ಒಂದು ಔಟ್‌ಹೌಸ್. ಹಿಂದೆ ಯಾವುದೋ ಕಾಲದಲ್ಲಿ ಡ್ರೈವರ್ ಇರುತ್ತಿದ್ದ ಕೋಣೆಯಂತೆ. ಅಲ್ಲಿ ದೊಡ್ಡಮ್ಮ ಇದ್ದರು.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಷ್ಟು ಹೊತ್ತಿಗಾಗಲೇ ಗಂಡನನ್ನು ಕಳೆದುಕೊಂಡಿದ್ದ ದೊಡ್ಡಮ್ಮ ಮೈಸೂರಿನಲ್ಲಿ ನನ್ನನ್ನು ಸಾಕಿ, ಓದಿಸಿ, ಈ ಊರಿನ ರೈಲು ಹತ್ತಿಸಿದರು. ಮುಪ್ಪಿನಲ್ಲಿ ಬಾ ಎಂದು ಕರೆದಾಗ ಒಂದೇ ಷರತ್ತು ಹಾಕಿದರು. ತನ್ನ ಒಲೆ ಬೇರೆ, ತನ್ನ ನೀರು ಬೇರೆ. ಬೆಳಿಗ್ಗೆ ಸ್ನಾನ ಮಾಡಿ ಮಡಿಯುಟ್ಟ ಮೇಲೆ ಊಟ ಮುಗಿಯುವವರೆಗೆ ಯಾರೂ ತನ್ನನ್ನು ಮುಟ್ಟಕೂಡದು, ತಾನೂ ಏನನ್ನೂ ಮುಟ್ಟುವುದಿಲ್ಲ. ಈರುಳ್ಳಿ ಹೆಚ್ಚುವ ನಮ್ಮ ಎರಡು ಕೋಣೆಗಳಲ್ಲಿ ಇದು ಆಗುವ ಮಾತಲ್ಲ. ಬಾವಿಯ ಪಕ್ಕದ ಆ ಕೋಣೆ ನೋಡಿ ಅವರ ಮುಖ ಅರಳಿತ್ತು. "ಇಷ್ಟು ಸಾಕು ಕಣೋ. ಬೊಂಬಾಯಲ್ಲಿ ಬಾವಿ ಇಟ್ಕೊಂಡಿದೀಯಲ್ಲ, ನೀನೇ ಸಾಹುಕಾರ," ಎಂದಿದ್ದರು.

ಅವರಿಗೆ ಉಬ್ಬಸವಿತ್ತು. ಆ ವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಹೆಂಡತಿ ಹಾಲಿನ ಪಾತ್ರೆ ಹಿಡಿದು ಹೋದಾಗ ಅವರು ಗೋಡೆಗೆ ಎರಡೂ ಕೈ ಊರಿ ಬಗ್ಗಿ ನಿಂತಿದ್ದರು. ಉಗುರುಗಳು ನೀಲಿಯಾಗಿದ್ದವು. ಬೀದಿಯ ಕೊನೆಯಲ್ಲಿದ್ದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಹೋದ ಮೇಲೆ, ಉಸಿರು ಹದಕ್ಕೆ ಬಂದಾಗ, ಅವರು ನನ್ನ ಹೆಂಡತಿಗೆ ಹೇಳಿದ ಮೊದಲ ಮಾತು: "ಕೂಗಿದೆ ಕಣೇ. ಮೂರು ಸಲ ಕೂಗಿದೆ."

ನಮಗೆ ಕೇಳಿಸಿರಲಿಲ್ಲ. ಕೇಳಿಸುವ ಹಾಗೂ ಇರಲಿಲ್ಲ. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು. ಪಕ್ಕದ ಸೈಟಿನಲ್ಲಿ ಹೊಸ ಬಿಲ್ಡಿಂಗ್ ಏಳುತ್ತಿತ್ತು, ಕಾಂಕ್ರೀಟ್ ಕಲೆಸುವ ಯಂತ್ರ ಹಗಲೆಲ್ಲ ತಿರುಗುತ್ತಿತ್ತು. ಉಬ್ಬಸ ಬಂದವರ ಕೂಗು ಎಷ್ಟು ದೂರ ಹೋದೀತು?

ಆ ದಿನದಿಂದ ನನ್ನೊಳಗೆ ಹೆದರಿಕೆ ಹೊಕ್ಕಿತು. ಫೋರ್ಟ್‌ನ ನನ್ನ ಆಫೀಸಿನಲ್ಲಿ ಸೆಕ್ಷನ್‌ಗೆಲ್ಲ ಒಂದೇ ಫೋನ್. ಅದು ಬಡಿದುಕೊಂಡಾಗಲೆಲ್ಲ ನನ್ನ ಪೆನ್ನು ನಿಲ್ಲುತ್ತಿತ್ತು. ಬೇರೆ ಯಾರಿಗೋ ಎಂದು ತಿಳಿದ ಮೇಲೆ ಮತ್ತೆ ಬರೆಯುತ್ತಿದ್ದೆ. ಅಕ್ಷರ ಮಾತ್ರ ಸ್ವಲ್ಪ ಹೊತ್ತು ಸೊಟ್ಟಗಾಗುತ್ತಿತ್ತು.

ಮೊದಲು ಒಂದು ವಿದ್ಯುತ್ ಗಂಟೆ ಹಾಕಿಸಿದೆ. ಔಟ್‌ಹೌಸಿನಲ್ಲಿ ಗುಂಡಿ, ನಮ್ಮ ಅಡುಗೆಮನೆಯಲ್ಲಿ ಗಂಟೆ, ನಡುವೆ ತಂತಿ. ಹನ್ನೊಂದನೆಯ ದಿನ ಹೆಗ್ಗಣ ತಂತಿಯನ್ನು ಕಡಿದು ಹಾಕಿತು. ಕಡಿದದ್ದು ನಮಗೆ ತಿಳಿದದ್ದು ಎರಡು ದಿನದ ನಂತರ. ಆ ಎರಡು ದಿನ ಗಂಟೆ ಇದೆ ಎಂಬ ಧೈರ್ಯದಲ್ಲಿ ನಾವು ಆ ಕಡೆ ಹೋಗುವುದನ್ನೇ ಕಡಿಮೆ ಮಾಡಿದ್ದೆವು. ಮುಂದೆ ಆದದ್ದಕ್ಕೆ ಇದೇ ನನಗೆ ಎಚ್ಚರಿಕೆಯಾಗಬೇಕಿತ್ತು. ಆಗಲಿಲ್ಲ.

ನನ್ನ ಪಕ್ಕದ ಮೇಜಿನಲ್ಲಿ ಧಾರವಾಡದ ಕಡೆಯ ಸಹೋದ್ಯೋಗಿಯೊಬ್ಬರಿದ್ದರು. ರೇಡಿಯೋ ಬಿಚ್ಚುವುದು, ಜೋಡಿಸುವುದು ಅವರ ಹವ್ಯಾಸ. ಅವರ ತಮ್ಮ ದುಬೈಯಿಂದ ಒಂದು ಕಾರ್ಡ್‌ಲೆಸ್ ಫೋನ್ ತಂದಿದ್ದ. ಅವರ ಮನೆಯೋ ಬಾಂದ್ರಾದಲ್ಲಿ ಒಂದೇ ಕೋಣೆ. "ಈ ಗ್ವಾಡಿಯಿಂದ ಆ ಗ್ವಾಡಿಗೆ ಫೋನ್ ಮಾಡಬೇಕೇನ್ರೀ ನಾ? ತೊಗೊಂಡ್ ಹೋಗ್ರಿ. ನಿಮ್ಮ ದೊಡ್ಡವ್ವಗ ಉಪಯೋಗ ಆಕ್ಕೈತಿ," ಎಂದು ಅದನ್ನು ನನ್ನ ಚೀಲಕ್ಕೆ ತುರುಕಿದರು. "ಲೈನ್‌ಮನ್ ಬಂದ್ರ ಮಾತ್ರ ಮ್ಯಾಲೊಂದು ಟಾವೆಲ್ ಹೊಚ್ರಿ. ತಂತಿ ಇಲ್ಲದ ಫೋನಿಗೆ ಲೈಸೆನ್ಸ್ ಕೇಳಿದ್ರ ನನ್ ಹೆಸರು ಹೇಳಬ್ಯಾಡ್ರಿ ಮತ್ತ."

ಅದರಲ್ಲಿ ಎರಡು ಭಾಗ. ಒಂದು ಪೀಠ. ಅದನ್ನು ಮನೆಯ ಫೋನಿನ ಲೈನಿಗೆ ಜೋಡಿಸಿ ಒಂದು ಕಡೆ ಇಡಬೇಕು. ಇನ್ನೊಂದು ಕೈಯಲ್ಲಿ ಹಿಡಿಯುವ ರಿಸೀವರ್. ಅದಕ್ಕೆ ತಂತಿಯಿಲ್ಲ, ಎಳೆದರೆ ಉದ್ದವಾಗುವ ಏರಿಯಲ್ ಇತ್ತು. ರಿಸೀವರಿನಲ್ಲಿ ಒಂದು ಗುಂಡಿ ಒತ್ತಿದರೆ ಪೀಠ ಕೀಂ ಕೀಂ ಎಂದು ಕೂಗುತ್ತಿತ್ತು. ನನಗೆ ಬೇಕಾದದ್ದು ಆ ಕೂಗು ಮಾತ್ರ.

ಒಂದು ಭಾನುವಾರ ಸಹೋದ್ಯೋಗಿಯೇ ಬಂದರು. ಮುಂದಿನ ಕೋಣೆಯಲ್ಲಿ ಪೀಠವಿಟ್ಟು, ಹೆಂಡತಿಯ ಕೈಗೆ ರಿಸೀವರ್ ಕೊಟ್ಟು, ಗುಂಡಿ ಒತ್ತುತ್ತಾ ನಡೆಯಿರಿ ಎಂದರು. ಬಾವಿಯವರೆಗೆ ಕೂಗಿತು. ತಗಡಿನ ರಾಶಿ ದಾಟಿದ ಕೂಡಲೇ ನಿಂತಿತು. ಅವರು ಆ ತಗಡನ್ನು ನೋಡಿ ತಲೆ ಆಡಿಸಿದರು. "ಲೋಹ ಅಂದ್ರ ಇದಕ್ಕ ಗ್ವಾಡಿ ಇದ್ದಂಗ ನೋಡ್ರಿ. ಕಲ್ಲು ದಾಟತೈತಿ, ಮಣ್ಣು ದಾಟತೈತಿ, ತಗಡು ದಾಟಂಗಿಲ್ಲ." ಈ ಮಾತನ್ನು ನಾನು ಸ್ಪಷ್ಟವಾಗಿ ಕೇಳಿಸಿಕೊಂಡಿದ್ದೆ. ಅವರು ಹೇಳಿದಾಗ ನಾನು ಎಲ್ಲಿ ನಿಂತಿದ್ದೆ ಎಂಬುದೂ ನೆನಪಿದೆ.

ಪೀಠವನ್ನು ಅಡುಗೆಮನೆಯ ಅಟ್ಟಕ್ಕೆ ಏರಿಸಿದೆವು. ತಗಡಿನ ರಾಶಿಗಿಂತ ಎತ್ತರ. ಅದರ ಏರಿಯಲ್‌ಗೆ ತಾಮ್ರದ ತಂತಿ ಸುತ್ತಿ, ಗವಾಕ್ಷಿಯಿಂದ ಒಂದು ಗಜ ಹೊರಗೆ ಬಿಟ್ಟೆವು. ಹೆಂಡತಿ ಮತ್ತೆ ನಡೆದಳು. ಅವಳು ಈ ಊರಲ್ಲೇ ಬೆಳೆದವಳು, ಖುಷಿಯಾದರೆ ಭಾಷೆ ಬದಲಾಗುತ್ತಿತ್ತು. ಔಟ್‌ಹೌಸಿನ ಒಳಗಿನಿಂದ ಅವಳ ಧ್ವನಿ ಪೀಠದ ಸ್ಪೀಕರಿನಲ್ಲಿ ಬಂತು: "ರೀ, ಆ ರಹಾ ಹೈ, ಬರ್ತಾ ಇದೆ! ಕೇಳ್ತಾ ಇದೆಯಾ? ದೊಡ್ಡಮ್ಮನ ಒಲೆ ಪಕ್ಕ ಇದೀನಿ!"

"ಒಲೆ ಪಕ್ಕ ಯಾಕೆ ಹೋದ್ಯೇ ಪುಣ್ಯಾತ್ಗಿತ್ತಿ?" ಎಂದು ದೊಡ್ಡಮ್ಮ ಗದರುವುದೂ ಅದರಲ್ಲೇ ಕೇಳಿಸಿತು. ಸಹೋದ್ಯೋಗಿ ಅಟ್ಟದ ಏಣಿಯ ಮೇಲೆ ಕುಳಿತು ಬಿದ್ದು ಬಿದ್ದು ನಕ್ಕರು. ಆ ವರ್ಷ ನಮ್ಮ ಮನೆಯಲ್ಲಿ ಯಾರಾದರೂ ಹಾಗೆ ನಕ್ಕದ್ದು ಅದೊಂದೇ ಸಲ.

ಆದರೆ ದೊಡ್ಡಮ್ಮ ಅದನ್ನು ಮುಟ್ಟಲು ಒಪ್ಪಲಿಲ್ಲ. ಯಾರು ಯಾರೋ ಬಾಯಿ ಇಟ್ಟು ಮಾತಾಡಿದ್ದು, ಮಡಿಯಲ್ಲಿ ಹೇಗೆ ಮುಟ್ಟಲಿ ಎಂದರು. ಅವರಿಗೆ ಉಬ್ಬಸ ಬರುತ್ತಿದ್ದದ್ದು ಬಹುಪಾಲು ಆ ಹೊತ್ತಿನಲ್ಲೇ: ಬಾವಿಯ ತಣ್ಣೀರಿನ ಸ್ನಾನ, ಒದ್ದೆ ಬಟ್ಟೆ, ಮೇಲೆ ಒಲೆಯ ಹೊಗೆ. ಕೊನೆಗೆ ಅವರೇ ದಾರಿ ಹೇಳಿದರು. "ಪಟ್ಟೆಯಲ್ಲಿ ಸುತ್ತಿಕೊಡು. ಪಟ್ಟೆಗೆ ಮೈಲಿಗೆ ಇಲ್ಲ. ಮೇಲಿಂದಲೇ ಒತ್ತುತೀನಿ."

ಪೆಟ್ಟಿಗೆಯಲ್ಲಿ ಅಮ್ಮನ ಧಾರೆಯ ರೇಷ್ಮೆ ಸೀರೆ ಇತ್ತು. ಮಡಿಕೆಗಳಲ್ಲಿ ಬಿರಿದು ಹೋಗಿತ್ತು. ಹೆಂಡತಿ ಒಡಲಿನಿಂದ ಕತ್ತರಿಸೋಣ ಎಂದಳು. "ಸೆರಗು ಚುಚ್ಚತ್ತೆ ರೀ, ಫುಲ್ ಜರಿ." ಒಡಲು ಹಿಂಜಿಹೋಗಿದೆ, ನಾಲ್ಕು ದಿನ ಬಾರದು, ಸೆರಗೇ ಇರಲಿ ಎಂದವನು ನಾನು. ಸೆರಗು ಅಂಗೈಯಗಲದ ಹೂಗಳಿಂದ ತುಂಬಿತ್ತು. ಹಳೆಯ ಕಾಲದ ಬೆಳ್ಳಿಯ ಜರಿ, ಕಪ್ಪಾಗಿದ್ದರೂ ಗಟ್ಟಿ. ತಂಗಿಯ ಸೆರಗು ಅಕ್ಕನ ಕೈಯಲ್ಲಿರುತ್ತದೆ ಎಂಬುದು ನನಗೆ ಹಿತವಾಗಿ ಕಂಡಿತ್ತು. ಹೆಂಡತಿ ಚೀಲ ಹೊಲಿದು, ಗುಂಡಿ ಬರುವ ಜಾಗದಲ್ಲಿ ಕೆಂಪು ದಾರದಿಂದ ಒಂದು ಚುಕ್ಕೆ ಹಾಕಿದಳು. ಏರಿಯಲ್ ಮಡಚಿ ರಿಸೀವರನ್ನು ಒಳಗೆ ಹಾಕಿ, ಬಾಯಿಗೆ ಲಾಡಿ ಬಿಗಿದು, ಮಲಗುವ ಕೋಣೆಯಲ್ಲಿ ನಿಂತು ಒತ್ತಿ ನೋಡಿದೆವು. ಅಟ್ಟದ ಮೇಲೆ ಪೀಠ ಕೂಗಿತು. ಹದಿನಾಲ್ಕು ಅಡಿ ದೂರ. ಸಾಕು ಎಂದುಕೊಂಡೆವು. ಚೀಲ ಸಮೇತ ಬಾವಿ ದಾಟಿ ಹೋಗಿ ಒತ್ತಿ ನೋಡಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಅಂದಿನಿಂದ ಒಂದು ಕ್ರಮ ಬಂತು. ಸಂಜೆ ರಿಸೀವರ್ ನಮ್ಮ ಮನೆಗೆ ಬಂದು ಪೀಠದ ಮೇಲೆ ಕುಳಿತು ಚಾರ್ಜ್ ಆಗುವುದು. ಬೆಳಿಗ್ಗೆ ಹೆಂಡತಿ ಅದನ್ನು ಚೀಲಕ್ಕೆ ಹಾಕಿ ದೊಡ್ಡಮ್ಮನ ಕೋಣೆಯ ಮೊಳೆಗೆ ತೂಗುಹಾಕಿ ಬರುವುದು. ನಾನು ಆಫೀಸಿಗೆ ಹೊರಡುವಾಗ ಆ ಪಟ್ಟೆ ಚೀಲ ಗೋಡೆಯ ಮೇಲಿರುವುದನ್ನು ನೋಡಿ ಹೊರಡುತ್ತಿದ್ದೆ. ಹತ್ತೊಂಬತ್ತು ದಿನ ಹಾಗೆ ಹೋಯಿತು.

ಇಪ್ಪತ್ತನೆಯ ದಿನ ಹನ್ನೊಂದು ಗಂಟೆಗೆ ಸೆಕ್ಷನ್ನಿಗೆ ಫೋನ್ ಬಂತು, ನನಗೇ ಬಂತು. "ಬನ್ನಿ," ಎಂದಳು ಹೆಂಡತಿ. "ಇದಾರೆ. ಆದ್ರೆ ಬನ್ನಿ." ಚರ್ಚ್‌ಗೇಟ್‌ನಿಂದ ಲೋಕಲ್ ಹಿಡಿದೆ. ಆ ಹೊತ್ತಿನಲ್ಲಿ ಗಾಡಿ ಖಾಲಿ ಇತ್ತು, ಆದರೂ ಬಾಗಿಲಲ್ಲೇ ನಿಂತಿದ್ದೆ. "ಇದಾರೆ" ಎಂದಾಗ ಅವಳ ಧ್ವನಿ ಹೇಗಿತ್ತು ಎಂಬುದನ್ನು ಪ್ರತಿ ಸ್ಟೇಷನ್ನಿನಲ್ಲೂ ನೆನಪಿಗೆ ತಂದುಕೊಂಡೆ. ಬಾಂದ್ರಾ ಬರುವ ಹೊತ್ತಿಗೆ ಆ ಧ್ವನಿಯೇ ನನಗೆ ಮರೆತುಹೋಗಿತ್ತು.

ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಹೆಂಡತಿ ಹೇಳಿದ್ದು ಇಷ್ಟು. ಅವಳು ಬೆಳಗಿನಿಂದ ಅಡುಗೆಮನೆ ಬಿಟ್ಟು ಕದಲಿರಲಿಲ್ಲ. ಕುಕ್ಕರ್ ಎರಡು ಸಲ ಕೂಗಿತ್ತು. ಆಮೇಲೆ ಅಟ್ಟದ ಮೇಲೆ ಪೀಠ ಕೂಗಿತು. ಒಂದೇ ಸಮನೆ, ಗುಂಡಿ ಒತ್ತಿದ ಬೆರಳು ಎತ್ತದ ಹಾಗೆ. ಸೌಟು ಎಸೆದು ಓಡಿದಳು. ದೊಡ್ಡಮ್ಮ ಹೊಸ್ತಿಲ ಮೇಲೆ ಕುಸಿದು ಕುಳಿತಿದ್ದರು. ರಿಸೀವರ್ ಬರಿಗೈಯಲ್ಲಿತ್ತು, ಏರಿಯಲ್ ಪೂರ್ತಿ ಎಳೆದಿತ್ತು. ಪಟ್ಟೆ ಚೀಲ ಒಳಗೆ ರುಬ್ಬುವ ಕಲ್ಲಿನ ಪಕ್ಕ ಬಿದ್ದಿತ್ತು, ಲಾಡಿ ಕಿತ್ತುಹೋಗಿತ್ತು.

ನಾನು ಬರುವಾಗ ಡಾಕ್ಟರು ಇನ್ನೂ ಇದ್ದರು. ನನ್ನನ್ನು ಬಾವಿಯ ಹತ್ತಿರ ಕರೆದು ತಗ್ಗಿದ ಧ್ವನಿಯಲ್ಲಿ, "ಥೋಡಾ ಔರ್ ಲೇಟ್ ಹೋತಾ ತೋ..." ಎಂದು, ಇನ್ನಷ್ಟು ತಡವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಹೇಳದೆ ನಿಲ್ಲಿಸಿದರು. ತಣ್ಣೀರು ಮುಟ್ಟಕೂಡದು, ಹೊಗೆ ಕೂಡದು ಎಂದರು. ಒಳಗೆ ದೊಡ್ಡಮ್ಮ ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದರು. ಬೆವರಿಗೆ ಬೆಳ್ಳಿ ಕೂದಲು ಹಣೆಗೆ ಅಂಟಿತ್ತು. ಹೆಂಡತಿ ಬೀಸಣಿಗೆ ಹಿಡಿದು ಪಕ್ಕದಲ್ಲೇ ಕುಳಿತಿದ್ದಳು. ಮಡಿಯ ಮಾತೇ ಬರಲಿಲ್ಲ.

ಆ ಸಂಜೆ ದೊಡ್ಡಮ್ಮ ನನಗೆ ಒಂದು ಮಾತು ಹೇಳಿದರು. "ಚೀಲದ ಮೇಲಿಂದ ಒತ್ತಿದೆ. ತುಂಬ ಹೊತ್ತು ಒತ್ತಿದೆ. ಆಮೇಲೆ ಹೊರಗೆ ತೆಗೆದೆ." ಅಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡರು.

ನಾನು ಚೀಲವನ್ನೂ ರಿಸೀವರನ್ನೂ ಎತ್ತಿಕೊಂಡು ಹಿತ್ತಲಿಗೆ ಹೋದೆ. ಇನ್ನೂ ಬೆಳಕಿತ್ತು. ಚೀಲದೊಳಗೆ ಹಾಕಿ ಬಾಗಿಲಲ್ಲಿ ನಿಂತು ಒತ್ತಿದೆ. ಸದ್ದಿಲ್ಲ. ಹೊರಗೆ ತೆಗೆದು ಏರಿಯಲ್ ಎಳೆದು ಒತ್ತಿದೆ. ಅಡುಗೆಮನೆಯಿಂದ ಕೀಂ ಕೀಂ ಬಂತು. ಏರಿಯಲ್ ಮಡಚಿಟ್ಟು, ಚೀಲವಿಲ್ಲದೆ ಒತ್ತಿದೆ. ಸಣ್ಣಗಾದರೂ ಬಂತು. ಮತ್ತೆ ಚೀಲಕ್ಕೆ ಹಾಕಿದೆ. ಇಲ್ಲ. ಬಾವಿಯವರೆಗೆ ಬಂದೆ. ಇಲ್ಲ. ಅಡುಗೆಮನೆಯ ಮೆಟ್ಟಿಲಿಗೆ ಹತ್ತು ಹೆಜ್ಜೆ ಇರುವಾಗ ಮೊದಲ ಸಲ ಕೂಗಿತು. ಏಳು ಸಲ ಹೀಗೆ ಮಾಡಿದೆ. ಏಳು ಸಲವೂ ಹಾಗೆಯೇ ಆಯಿತು. ಕೈಯಲ್ಲಿದ್ದ ಸೆರಗಿನ ಕಪ್ಪು ಹೂಗಳನ್ನು ಉಗುರಿನಿಂದ ಕೆರೆದೆ. ಒಳಗಿನಿಂದ ಬೆಳ್ಳಿ ಹೊಳೆಯಿತು.

ಒಳಗೆ ಬಂದಾಗ ಹೆಂಡತಿ ಕೇಳಿದಳು, "ಏನಾಗಿತ್ತಂತೆ? ಅವರು ಮೊದಲೇ ಒತ್ತಿದ್ರಂತಲ್ಲ, ಆಗ ಇಲ್ಲಿ ಯಾಕೆ ಬರಲಿಲ್ಲ?"

"ಬ್ಯಾಟರಿ ಇರಬೇಕು," ಎಂದೆ. "ಚಾರ್ಜ್ ಸರಿಯಾಗಿ ಆಗಿಲ್ವೋ ಏನೋ. ಏರಿಯಲ್ ಎಳೆದ ಮೇಲಷ್ಟೇ ಬಂತು."

ಅದು ನನ್ನ ಬಾಯಿಂದ ಹೇಗೆ ಬಂತು ಎಂದು ಬಹಳ ಸಲ ಯೋಚಿಸಿದ್ದೇನೆ. ಯೋಚಿಸಿ ಹೇಳಿದ್ದಲ್ಲ. ಆದರೆ ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಹೆಂಡತಿ ಅಟ್ಟದ ಕಡೆ ನೋಡಿದಳು. ಪ್ರತಿ ಸಂಜೆ ಅದನ್ನು ಪೀಠದ ಮೇಲೆ ಇಡುತ್ತಿದ್ದವಳು ಅವಳು. "ನಾನೇ ಇಟ್ಟಿದ್ದೆ ರೀ. ಕೆಂಪು ಲೈಟು ಇತ್ತು. ನೋಡಿದೀನಿ ನಾನು," ಎಂದಳು. ಆಮೇಲೆ, "ನೋಡಿದ್ದೆ ಅನ್ಸತ್ತೆ," ಎಂದಳು.

ಮುಂದಿನ ಮೂರು ದಿನ ರಿಸೀವರ್ ದೊಡ್ಡಮ್ಮನ ದಿಂಬಿನ ಪಕ್ಕ ಚೀಲವಿಲ್ಲದೆ ಇತ್ತು. ಪಟ್ಟೆ ಚೀಲ ನನ್ನ ಆಫೀಸಿನ ಚೀಲದ ತಳದಲ್ಲಿತ್ತು. ದೊಡ್ಡಮ್ಮ ಒಲೆ ಹಚ್ಚಲಿಲ್ಲ. ಹಾಲು, ಬಾಳೆಹಣ್ಣು ಅಷ್ಟೇ. ಹೆಂಡತಿ ಹಾಲು ಒಯ್ದರೆ "ಅಲ್ಲಿಡು" ಎನ್ನುತ್ತಿದ್ದರು. ಮುಂಚೆ ಅವಳ ಹಿಂದಿ ಬೆರೆತ ಕನ್ನಡವನ್ನು ಅಣಕಿಸಿ, ಮಕ್ಕಳು ಏನು ತಿಂದರು, ಏನು ಓದಿದರು ಎಂದು ಹತ್ತು ಪ್ರಶ್ನೆ ಕೇಳುತ್ತಿದ್ದವರು. ಈಗ ಅವಳ ಮುಖ ನೋಡುತ್ತಿರಲಿಲ್ಲ. ನಿಶ್ಶಕ್ತಿ ಎಂದುಕೊಂಡೆ. ಹೆಂಡತಿ ಮಾತ್ರ ಬೇರೆ ರೀತಿ ತಿಳಿದಿದ್ದಳು. "ನನ್ನ ಮೇಲೆ ಕೋಪ. ಸಹಜ. ಚಾರ್ಜ್ ಮಾಡದೆ ಕೊಟ್ಟವಳು ನಾನು," ಎಂದಳು. ದಿನಕ್ಕೆ ಎಂಟು ಹತ್ತು ಸಲ ಆ ಹಿತ್ತಲು ದಾಟಿ ಹೋಗಿ, ಬಾಗಿಲಲ್ಲಿ ನಿಂತು, ಉಸಿರಾಡುವುದನ್ನು ನೋಡಿ ಬರುತ್ತಿದ್ದಳು.

ನಾಲ್ಕನೆಯ ದಿನ ಆಫೀಸಿನಲ್ಲಿ ಚೀಲವನ್ನು ಸಹೋದ್ಯೋಗಿಯ ಮುಂದಿಟ್ಟೆ. ಅವರು ಮೂಸಿದರು, ಕಿಟಕಿಯ ಬೆಳಕಿಗೆ ಹಿಡಿದರು. "ಜರಿ ಅಂದ್ರ ಬೆಳ್ಳಿ ತಂತಿ ಅಲ್ರೀ ಇದು? ಬೆಳ್ಳಿ ತಂತಿಯ ಜಾಲರಿಯೊಳಗ ಹಾಕಿ ಲಾಡಿ ಕಟ್ಟಿ, ಇನ್ನ ಕೂಗು ಅಂದ್ರ ಹೆಂಗ ಕೂಗಬೇಕು ಅದು?" ಎಂದು ನಗಲು ಶುರುಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು. "ಮನಿಯಾಗ ಹೇಳೀರಿಲ್ಲೋ?"

"ಬ್ಯಾಟರಿ ಅಂತ ಹೇಳಿದೀನಿ."

"ಬ್ಯಾಟರಿ ಚಾರ್ಜ್ ಮಾಡೋರು ಯಾರು?"

ಅವರು ಚೀಲವನ್ನು ಅಂದವಾಗಿ ಮಡಚಿ ನನ್ನ ಕಡೆ ಸರಿಸಿದರು. "ಇವತ್ತು ಐದರ ಗಾಡಿಗೆ ಹೋಗ್ರಿ. ಸಾಹೇಬ್ರಿಗೆ ನಾ ಹೇಳ್ತೀನಿ," ಎಂದಷ್ಟೇ ಹೇಳಿದರು.

ಮೊದಲು ಹೆಂಡತಿಗೆ ಹೇಳಿದೆ, ಅಡುಗೆಮನೆಯಲ್ಲಿ, ನಿಂತೇ. ಅವಳು ಚೀಲವನ್ನು ಕೈಗೆ ತೆಗೆದುಕೊಂಡು ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟಳು. "ನಾಲ್ಕು ದಿನ," ಎಂದಳು. ಬೈಯಲಿಲ್ಲ. "ನಡೀರಿ, ಅವರಿಗೂ ಹೇಳಿ."

ದೊಡ್ಡಮ್ಮ ಎದ್ದು ಕುಳಿತಿದ್ದರು. ನಾನು ಹೊಸ್ತಿಲ ಹೊರಗೆ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ತಗಡು ದಾಟುವುದಿಲ್ಲ ಎಂದು ಕೇಳಿದ್ದು, ಸೆರಗೇ ಇರಲಿ ಎಂದದ್ದು, ಮಲಗುವ ಕೋಣೆಯಲ್ಲಿ ಮಾತ್ರ ಒತ್ತಿ ನೋಡಿದ್ದು, ಆ ಸಂಜೆ ಏಳು ಸಲ ಪರೀಕ್ಷೆ ಮಾಡಿ ತಿಳಿದುಕೊಂಡದ್ದು, ಆಮೇಲೆ ಬ್ಯಾಟರಿ ಎಂದು ಸುಳ್ಳು ಹೇಳಿದ್ದು. ಮುಗಿದ ಮೇಲೆ ಅವರು ಕೇಳಿದರು:

"ಹಾಗಾದ್ರೆ ನಾನು ಒತ್ತಿದ್ದು ಅಲ್ಲಿ ಬರಲೇ ಇಲ್ಲವಾ?"

"ಇಲ್ಲ ದೊಡ್ಡಮ್ಮ."

"ಒಂದು ಸಲವೂ?"

"ಚೀಲದಲ್ಲಿ ಇದ್ದಷ್ಟು ಹೊತ್ತು ಒಂದು ಸಲವೂ ಬಂದಿಲ್ಲ."

ಅವರು ನನ್ನ ಹಿಂದೆ ನಿಂತಿದ್ದ ನನ್ನ ಹೆಂಡತಿಯ ಕಡೆ ನೋಡಿದರು. ನಾಲ್ಕು ದಿನದಲ್ಲಿ ಮೊದಲ ಸಲ ನೋಡಿದರು. "ನಿಂಗೆ ಕೇಳಿಸಿರಲಿಲ್ಲ," ಎಂದರು.

"ಇಲ್ಲ ದೊಡ್ಡಮ್ಮ. ಕಸಮ್ ಸೆ, ಆಣೆ. ಅಲ್ಲೇ ಇದ್ದೆ ನಾನು."

"ಅಲ್ಲೇ ಇದ್ದೆ ಅಂತ ಗೊತ್ತು ಕಣೇ. ನಿನ್ನ ಕುಕ್ಕರ್ ಕೂಗಿದ್ದು ನಂಗೆ ಇಲ್ಲಿಗೆ ಕೇಳಿಸ್ತು. ಎರಡು ಸಲ. ಇವಳಿಗೆ ನನ್ನ ಗಂಟೆ ಕೇಳಿಸ್ತಾ ಇದೆ, ಒಗ್ಗರಣೆ ಮುಗಿಸಿ ಬರೋಣ ಅಂತಿದಾಳೆ ಅಂದ್ಕೊಂಡೆ. ಆಮೇಲೆ, ಬರೋದೇ ಬೇಡ ಅಂದ್ಕೊಂಡಿದಾಳೆ ಅಂದ್ಕೊಂಡೆ."

ಪಕ್ಕದ ಸೈಟಿನ ಯಂತ್ರ ಆಗಲೇ ನಿಂತಿತ್ತು. ದೊಡ್ಡಮ್ಮನ ಎದೆಯಲ್ಲಿ ಸಣ್ಣಗೆ ಸಿಳ್ಳೆ ಹಾಕುತ್ತಿದ್ದ ಉಸಿರು ನನಗೆ ಕೇಳಿಸುತ್ತಿತ್ತು. ನಾಲ್ಕು ದಿನ ಆ ಉಸಿರಿನ ಜೊತೆ ಅವರು ಏನನ್ನು ಇಟ್ಟುಕೊಂಡು ಮಲಗಿದ್ದರು ಎಂಬುದು ನನಗೆ ಆಗ ತಿಳಿಯಿತು. ಸಾವು ಹತ್ತಿರ ಬಂದು ಹೋದದ್ದನ್ನು ಅವರು ತಡೆದುಕೊಂಡಿದ್ದರು. ಇದನ್ನು ತಡೆದುಕೊಂಡಿರಲಿಲ್ಲ. ಮೊದಲ ಸಂಜೆ, ಚೀಲ ಕೈಯಲ್ಲಿ ಹಿಡಿದು ಹಿತ್ತಲಲ್ಲಿ ನಿಂತಿದ್ದಾಗ, ಒಂದೇ ಮಾತಿನಲ್ಲಿ ಆ ಭಾರವನ್ನು ನಾನು ಇಳಿಸಬಹುದಿತ್ತು.

ಹೆಂಡತಿ ನನ್ನನ್ನು ದಾಟಿ ಮುಂದೆ ಹೋದಳು. ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, "ಬರಲಾ?" ಎಂದಳು.

"ಬಾ. ಮಡಿಯಲ್ಲಿಲ್ಲ ನಾನು," ಎಂದರು ದೊಡ್ಡಮ್ಮ. ಅವಳು ಹೋಗಿ ಪಕ್ಕದಲ್ಲಿ ಕುಳಿತಾಗ ಅವಳ ಕೈ ಹಿಡಿದುಕೊಂಡರು. ಆಮೇಲೆ ನನಗೆ ಹೇಳಿದರು, ಕೋಪವಿಲ್ಲದ, ದಣಿದ ಧ್ವನಿಯಲ್ಲಿ: "ನೀನು ಸ್ವಲ್ಪ ಆ ಕಡೆ ಹೋಗು. ನಾವಿಬ್ಬರೇ ಕೂತ್ಕೋತೀವಿ."

ನಾನು ಎದ್ದು ಬಾವಿಯ ಕಟ್ಟೆಯವರೆಗೆ ಬಂದು ಅವರಿಗೆ ಬೆನ್ನು ಹಾಕಿ ನಿಂತೆ. ಅವರು ಮಾತಾಡುತ್ತಿದ್ದರು. ಅಷ್ಟು ದೂರಕ್ಕೆ ಅದು ಕೇಳಿಸುತ್ತಿರಲಿಲ್ಲ.